ಮೂರು ವರ್ಷ ಆಯ್ತು ಅಂತ ಸಮನ್ಸ್ ಮಡಚಿಡಬೇಡಿ

"ಮೂರು ವರ್ಷ ಆಗೋಯ್ತಲ್ವಾ ಸಾರ್, ಕೇಸು ನಿಲ್ಲಲ್ಲ. ನಾನ್ಯಾಕೆ ಕೋರ್ಟಿಗೆ ಬರ್ಲಿ?" ಹಳೇ ಕ್ರೆಡಿಟ್ ಕಾರ್ಡ್ ಬಾಕಿಗೆ ಬ್ಯಾಂಕು ದಾವೆ ಹಾಕಿದಾಗ ಕಕ್ಷಿದಾರರು ಮೊದಲು ಕೇಳುವುದೇ ಇದನ್ನ. ಮಾತು ಅರ್ಧ ಸರಿ. ಮುಳುಗಿಸುವುದೂ ಆ ಅರ್ಧವೇ.

ದಾವೆ ಹಾಕಲು ಎಷ್ಟು ಕಾಲ ಅಂತ ಹೇಳುವ 1963ರ ಲಿಮಿಟೇಷನ್ ಕಾಯ್ದೆಯಲ್ಲಿ ಇಂಥ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷ. ಅವಧಿ ಮೀರಿದ ದಾವೆಯನ್ನು ನೀವು ಕೇಳದಿದ್ದರೂ ವಜಾ ಮಾಡಬೇಕು ಅಂತ 3ನೇ ಕಲಂ ಇದೆ, ನಿಜ. ಆದರೆ ಮೂರು ವರ್ಷ ಯಾವತ್ತಿಂದ ಸ್ವಾಮಿ? ಕಾರ್ಡ್ ಉಜ್ಜಿದ ದಿನದಿಂದಲೇ ಎಣಿಸುತ್ತಾರೆ ಅಂದುಕೊಳ್ಳಬೇಡಿ. ಅವಧಿ ಮುಗಿಯುವ ಮೊದಲೇ "ಬಾಕಿ ಇದೆ, ಟೈಮ್ ಕೊಡಿ" ಅಂತ ಬರೆದು ಸಹಿ ಹಾಕಿದ್ದರೆ ಎಣಿಕೆ ಅಲ್ಲಿಂದ ಹೊಸದಾಗಿ ಶುರು. ನಡುವೆ ಸ್ವಲ್ಪ ದುಡ್ಡು ಕಟ್ಟಿದ್ದರೆ ಅದಕ್ಕೂ ಬ್ಯಾಂಕು ಜೋತು ಬೀಳುತ್ತದೆ. ಆ ವಾದ ನಿಲ್ಲುತ್ತದೋ ಇಲ್ಲವೋ ಕಾಗದ ನೋಡದೆ ಹೇಳಲಾರೆ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕೋವಿಡ್ ಕಾಲವನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದಲೇ ಬಿಟ್ಟಿದೆ. ನೀವು ಬರದಿದ್ದರೆ ನ್ಯಾಯಾಧೀಶರ ಮುಂದೆ ಇರುವುದು ಬ್ಯಾಂಕಿನ ಲೆಕ್ಕ ಒಂದೇ.

ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರು ಸಂಬಳ ಜಪ್ತಿಯಾದ ಮೇಲೆ ಬಂದರು. ಒಳ್ಳೇ ಮನುಷ್ಯ, ನಮ್ಮ ಗುಮಾಸ್ತರಿಗೂ ಕಾಫಿ ತರಿಸಿದರು. ಕವರಿನಿಂದ ತೆಗೆದ ಸಮನ್ಸ್ ಜೊತೆ ಗ್ಯಾಸ್ ಬಿಲ್ಲೂ ಬಂತು. ಸ್ಟೇಟ್‌ಮೆಂಟ್ ನೋಡಿದರೆ ಅವಧಿ ಮೀರಿದ ದಾವೆಯೇ ಇರಬೇಕು ಅನ್ನಿಸಿತು. ಆದರೆ ಅಷ್ಟೊತ್ತಿಗೆ ಇವರು ಹಾಜರಾಗದ್ದರಿಂದ ಬ್ಯಾಂಕಿನ ಮಾತಷ್ಟೇ ಕೇಳಿ ಕೊಟ್ಟ ತೀರ್ಪು, ಅಂದರೆ ಎಕ್ಸ್‌ಪಾರ್ಟಿ ಡಿಕ್ರಿ ಆಗಿತ್ತು. ಡಿಕ್ರಿಯನ್ನು ಜಾರಿ ಮಾಡುವ ಅಮಲ್ಜಾರಿ ಕೋರ್ಟು ಡಿಕ್ರಿಯ ಸರಿತಪ್ಪು ಕೆದಕುವುದಿಲ್ಲ. ಹನ್ನೆರಡು ವರ್ಷದವರೆಗೆ ಬ್ಯಾಂಕು ಅದನ್ನು ಹಿಡಿದುಕೊಂಡು ಬರಬಹುದು.

ಇನ್ನು ಕೆಲವರು ಗಾಬರಿಯಾಗಿ ವಸೂಲಿಯವನು ತಂದ ಸೆಟಲ್‌ಮೆಂಟ್ ಪತ್ರಕ್ಕೆ ಸುಮ್ನೆ ಸಹಿ ಹಾಕುತ್ತಾರೆ. ಅವಧಿ ಮೀರಿದ ಸಾಲವನ್ನೂ ತೀರಿಸುತ್ತೇನೆ ಅಂತ ಸಹಿ ಮಾಡಿ ಬರೆದುಕೊಟ್ಟರೆ ಕಾಂಟ್ರ್ಯಾಕ್ಟ್ ಕಾಯ್ದೆಯ 25(3)ರ ಪ್ರಕಾರ ಅದು ಹೊಸ ಕರಾರು. ಸತ್ತ ಸಾಲಕ್ಕೆ ನೀವೇ ಜೀವ ಕೊಟ್ಟಂತೆ.

ಸಮನ್ಸ್ ಕೈಸೇರಿದ 30 ದಿನದಲ್ಲಿ ಲಿಖಿತ ತಕರಾರು ಹಾಕಬೇಕು. ಕೋರ್ಟು ಕಾರಣ ಒಪ್ಪಿದರೆ 90 ದಿನದವರೆಗೆ. ಸಮರಿ ದಾವೆ, ಅಂದರೆ ಬೇಗ ಮುಗಿಸುವ ಚುಟುಕು ವಿಚಾರಣೆಯ ದಾವೆಯಾದರೆ ಹಾಜರಾಗಲು ಹತ್ತೇ ದಿನ. ಬರುವಾಗ ಹಳೇ ಸ್ಟೇಟ್‌ಮೆಂಟು, ಬ್ಯಾಂಕಿನ ಪತ್ರ, ಮೆಸೇಜು ಎಲ್ಲಾ ತನ್ನಿ. ಅಂಚೆ ಕವರನ್ನೂ ಬಿಸಾಡಬೇಡಿ, ತಾರೀಖಿನ ಮೊಹರು ಇರುವುದು ಅದರ ಮೇಲೇ. "ಅಮ್ಮ ಸೈನ್ ಮಾಡಿ ತಗೊಂಡ್ರು, ನಂಗೆ ಹೇಳ್ಲೇ ಇಲ್ಲ" ಅನ್ನುವ ಕಥೆಯನ್ನು ಕೋರ್ಟು ಸುಲಭಕ್ಕೆ ನಂಬುವುದಿಲ್ಲ.