ತಲೆ ಮೇಲಿನ ಕೊಡ: ಮಂಜಮ್ಮ ಜೋಗತಿ ಬಂದ ದಾರಿ

ಯಲ್ಲಮ್ಮ ದೇವಿಗೆ ಬಿಟ್ಟ ಜೋಗತಿಯರು ತಲೆ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ ನೋಡುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಆ ಕೊಡದ ಮೇಲೆ. ಪಕ್ಕದಲ್ಲಿ ತಂತಿವಾದ್ಯ ಚೌಡಿಕೆ ಮಿಡಿಯುತ್ತಿರುತ್ತದೆ, ಹಾಡು ನಡೆದಿರುತ್ತದೆ. ಜೋಗತಿ ಕೂರುತ್ತಾರೆ, ಏಳುತ್ತಾರೆ, ಗಿರ್ರನೆ ತಿರುಗುತ್ತಾರೆ, ಆದರೆ ಕೈ ಮಾತ್ರ ಕೊಡಕ್ಕೆ ತಾಗುವುದಿಲ್ಲ. ಇದನ್ನು ಸರ್ಕಸ್ಸಿನ ಹಾಗೆ ನೋಡಿ ಚಪ್ಪಾಳೆ ಹೊಡೆದು ಎದ್ದು ಹೋಗುವವರೇ ಜಾಸ್ತಿ. ಆ ಕೊಡ ಎಲ್ಲಿಂದ ಬಂತು ಅಂತ ಗೊತ್ತಾದರೆ ನೋಡುವ ರೀತಿಯೇ ಬದಲಾಗುತ್ತದೆ.

ಸವದತ್ತಿ ಯಲ್ಲಮ್ಮನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಲ್ಲಮ್ಮ ಅಂತಲೇ ಕರೆಯುವ ರೇಣುಕೆ ದಿನಾ ಹೊಳೆಗೆ ಹೋಗಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ, ಅದರ ಮೇಲೆ ನೀರು ಹೊತ್ತು ತರುತ್ತಿದ್ದಳು. ಒಂದು ದಿನ ಮನಸ್ಸು ಕದಲಿತು, ಕೊಡ ನಿಲ್ಲಲಿಲ್ಲ. ಗಂಡ ಜಮದಗ್ನಿಗೆ ಸಿಟ್ಟು ಬಂತು. ತಾಯಿಯ ತಲೆ ಕಡಿಯಿರಿ ಎಂದಾಗ ಒಲ್ಲೆ ಎಂದ ಮಕ್ಕಳಿಗೆ ಗಂಡಸುತನ ಹೋಗಲಿ ಅಂತ ಶಾಪ ಕೊಟ್ಟ ಎಂದು ಜನಪದರ ಕಥೆ ಹೇಳುತ್ತದೆ. ಅಂದರೆ ಗಂಡಾಗಿ ಹುಟ್ಟಿ ಹೆಣ್ಣಾಗಿ ದೇವಿಗೆ ಮುಡಿಪಾದ ಜೋಗಪ್ಪಗಳ ಮೂಲವನ್ನು ಜನ ಕಂಡುಕೊಂಡಿರುವುದು ತಾಯಿಯನ್ನು ಕೊಲ್ಲಲು ಒಪ್ಪದ ಆ ಮಕ್ಕಳಲ್ಲಿ. ರೇಣುಕೆಯ ತಲೆ ಮೇಲೆ ನಿಲ್ಲದ ಕೊಡವನ್ನು ಅವಳ ಹೆಸರಿನಲ್ಲಿ ಬದುಕುವವರು ಇವತ್ತಿಗೂ ಬೀಳಿಸದೆ ಹೊತ್ತು ಕುಣಿಯುತ್ತಿದ್ದಾರೆ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಈ ಕೊಡ ಹೊತ್ತು ಕುಣಿದು ಪದ್ಮಶ್ರೀವರೆಗೆ ಬಂದ ಮಂಜಮ್ಮ ಜೋಗತಿ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ. ಮನೆಯಲ್ಲಿ ಇಟ್ಟ ಹೆಸರು ಮಂಜುನಾಥ. ಚಿಕ್ಕಂದಿನಿಂದಲೇ ಹುಡುಗಿಯರ ಜೊತೆಗೇ ಆಟ, ಅವರ ಹಾಗೇ ನಡೆ ನುಡಿ. ಮನೆಯವರು ಬೈದರು, ಹೊಡೆದರು. ಕೊನೆಗೆ 1975ರಲ್ಲಿ ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋಗಿ ಮುತ್ತು ಕಟ್ಟಿಸಿದರು. ಉಡದಾರ ಕತ್ತರಿಸಿ, ಸೀರೆ ಉಡಿಸಿ, ಬಳೆ ತೊಡಿಸಿ ದೇವಿಗೆ ಬಿಡುವ ಶಾಸ್ತ್ರ ಅದು. ಅಲ್ಲಿಗೆ ದೇವರ ಲೆಕ್ಕದಲ್ಲಿ ಅವರು ಹೆಣ್ಣಾದರು, ಮನೆಯ ಲೆಕ್ಕದಲ್ಲಿ ಹೊರಗಿನವರಾದರು. ಈ ಪದ್ಧತಿ ಹೀಗೇ. ಹುಡುಗ ಹೆಣ್ಣಿನಂತೆ ಆಡಿದರೆ ಅಥವಾ ಕೂದಲು ಜಡೆಗಟ್ಟಿದರೆ ಮೈಮೇಲೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಅದರಿಂದ ಒಂದು ಗೌರವ ಸಿಗುತ್ತಿತ್ತು ನಿಜ, ಕಾಲಿಗೆ ಬೀಳುವವರೂ ಇದ್ದರು. ಆದರೆ ಕಾಲಿಗೆ ಬಿದ್ದವರೇ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ.

ಮನೆ ಬಿಟ್ಟ ಮೇಲಿನ ವರ್ಷಗಳ ಬಗ್ಗೆ ಮಂಜಮ್ಮ ತಾವೇ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ. ವಿಷ ಕುಡಿದಿದ್ದು, ಭಿಕ್ಷೆ ಬೇಡಿದ್ದು, ಇಡ್ಲಿ ಮಾರಿದ್ದು, ಮಕ್ಕಳಿಗೆ ಪಾಠ ಹೇಳಿಕೊಟ್ಟಿದ್ದು, ಎಲ್ಲವನ್ನೂ ಮುಚ್ಚುಮರೆ ಇಲ್ಲದೆ.

ದಾರಿ ತಿರುಗಿದ್ದು ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿ ಒಬ್ಬ ಅಪ್ಪ ಹಾಡುತ್ತಿದ್ದ, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮ ಅವರ ಹತ್ತಿರವೇ ಹೋಗಿ ಕಲಿತರು. ಗುರುಕುಲವೂ ಇಲ್ಲ, ಸಂಗೀತ ಶಾಲೆಯೂ ಇಲ್ಲ, ಹೊಟ್ಟೆಪಾಡಿಗೆ ಬಸ್ ಸ್ಟ್ಯಾಂಡಿಗೆ ಬಂದ ಇಬ್ಬರು ಗುರುಗಳಾದರು. ಈ ಭಾಗವನ್ನು ಸುಮ್ನೆ ದಾಟಿ ಹೋಗಬಾರದು. ನಮ್ಮ ಜನಪದ ಕಲೆಗಳು ಎಷ್ಟೋ ಸಲ ಉಳಿದಿರುವುದೇ ಹೀಗೆ, ಬಸ್ ಸ್ಟ್ಯಾಂಡು, ಸಂತೆ, ಜಾತ್ರೆಗಳಲ್ಲಿ ಚಿಲ್ಲರೆ ಕಾಸಿಗೆ ಹಾಡಿದವರಿಂದ.

ಆಮೇಲೆ ಸಿಕ್ಕವರು ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿ. ಅವರೂ ಇದೇ ದಾರಿಯಲ್ಲಿ ಬಂದವರು, ಜೋಗತಿ ನೃತ್ಯದಲ್ಲಿ ದೊಡ್ಡ ಹೆಸರು, ಸ್ವಂತ ತಂಡ ಇಟ್ಟುಕೊಂಡಿದ್ದರು. ಮಂಜಮ್ಮನನ್ನು ಕುಣಿಸಿ ನೋಡಿ ತಂಡಕ್ಕೆ ಸೇರಿಸಿಕೊಂಡರು. ಯಲ್ಲಮ್ಮನ ಕಥೆಯ ಆಟಗಳಲ್ಲಿ ಪಾತ್ರ ಕೊಟ್ಟರು. ನನ್ನ ಮಟ್ಟಿಗೆ ಇಡೀ ಕಥೆಯ ನಡುಗಂಬ ಕಾಳವ್ವ. ಜೋಗ, ಅಂದರೆ ಯಲ್ಲಮ್ಮನ ಹೆಸರಿನ ಭಿಕ್ಷೆ, ಬೇಡುತ್ತಾ ಮನೆ ಮುಂದೆ ಕುಣಿದರೆ ಸಿಗುವುದು ಹಿಡಿ ಜೋಳ. ಅದೇ ಕುಣಿತವನ್ನು ತಂಡ ಕಟ್ಟಿ ವೇದಿಕೆ ಮೇಲೆ ತಂದರೆ ಕುಣಿದವರನ್ನು ಕಲಾವಿದರು ಅಂತ ಕರೆಯುತ್ತಾರೆ, ಸಂಭಾವನೆ ಕೊಡುತ್ತಾರೆ, ಕೂರಲು ಕುರ್ಚಿ ಹಾಕುತ್ತಾರೆ. ಇದು ಸಣ್ಣ ಬದಲಾವಣೆ ಅಲ್ಲ.

ಈ ನಡುವೆ ಇನ್ನೊಂದು ವಿಷಯ ನಡೆಯಿತು. 1982ರಲ್ಲಿ ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬಂತು. ಬೇಕೇ ಬೇಕಾಗಿದ್ದ ಕಾಯ್ದೆ ಅದು, ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟುಬಿಡುತ್ತಿದ್ದ ಪದ್ಧತಿಯನ್ನು ಯಾರೂ ಸಮರ್ಥಿಸಬಾರದು. ಆದರೆ ಆಗಲೇ ಮುತ್ತು ಕಟ್ಟಿಸಿಕೊಂಡು ಕಲೆ ಕಲಿತವರ ಗತಿ ಏನು? ಪದ್ಧತಿ ಹೋಗಬೇಕು, ಕಲೆ ಉಳಿಯಬೇಕು, ಕಲೆ ಹೊತ್ತವರು ಬದುಕಬೇಕು. ಹೇಳುವುದು ಸುಲಭ, ಮಾಡುವುದು ಕಷ್ಟ ಅಲ್ವಾ? ಕಾಳವ್ವ, ಮಂಜಮ್ಮ ಇಬ್ಬರೂ ಇದನ್ನು ಕುಣಿದು, ತಂಡ ನಡೆಸಿ ಮಾಡಿ ತೋರಿಸಿದರು. ಕಾಳವ್ವ ತೀರಿಕೊಂಡ ಮೇಲೆ ತಂಡದ ಭಾರ ಮಂಜಮ್ಮನ ಹೆಗಲಿಗೆ ಬಂತು.

ಅವರು ನೆಲೆ ನಿಂತ ಮರಿಯಮ್ಮನಹಳ್ಳಿಯೂ ಸಾಮಾನ್ಯ ಊರಲ್ಲ. ಈಗ ವಿಜಯನಗರ ಜಿಲ್ಲೆಗೆ ಸೇರಿದ ಈ ಊರು ಕೆ. ನಾಗರತ್ನಮ್ಮ ಅವರಂಥ ನಾಟಕದ ಕಲಾವಿದೆಯರ ಊರು. ಬಣ್ಣ ಹಚ್ಚಿ ಸಂಸಾರ ಸಾಕಿದ ಹೆಂಗಸರನ್ನು ಕಂಡ ಊರು ಇದು. ಮಂಜಮ್ಮ ಇಲ್ಲಿ ಬೇರು ಬಿಟ್ಟಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಪ್ರಶಸ್ತಿಗಳು ತಡವಾಗಿ ಬಂದವು. 2006ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಅದೇ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು, ಆ ಕುರ್ಚಿಯಲ್ಲಿ ಕೂತ ಮೊದಲ ತೃತೀಯಲಿಂಗಿ ಅವರು. ಪ್ರಶಸ್ತಿ ಕೊಟ್ಟು ಕಳಿಸುವುದು ಬೇರೆ, ಕಲೆಗಳ ಬಗ್ಗೆ ತೀರ್ಮಾನ ಮಾಡುವ ಮೇಜಿನ ತಲೆಗೆ ಕೂರಿಸುವುದು ಬೇರೆ. ಹಾಗಾಗಿ ಪದ್ಮಶ್ರೀಗಿಂತ ಈ ನೇಮಕವೇ ದೊಡ್ಡದು ಅಂತ ನಾನು ನಂಬುತ್ತೇನೆ.

ಪದ್ಮಶ್ರೀ ಪ್ರಕಟವಾಗಿದ್ದು 2021ರಲ್ಲಿ. ಅದೇ ವರ್ಷ ಸರ್ಕಾರಿ ಕೆಲಸಗಳಲ್ಲಿ ತೃತೀಯಲಿಂಗಿಗಳಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಡುವ ತೀರ್ಮಾನವನ್ನೂ ಕರ್ನಾಟಕ ಮಾಡಿತು. ಮುಂದೆ ಕಲ್ಲುಕಂಬದಂಥ ಊರಿನಲ್ಲಿ ಹುಟ್ಟುವ ಇಂಥ ಮಗುವಿಗೆ ಗುಡಿ, ಭಿಕ್ಷೆ ಎರಡೇ ದಾರಿ ಅಂತ ಇರಬಾರದು, ಕುಣಿಯುವುದಾದರೆ ಇಷ್ಟಪಟ್ಟು ಕುಣಿಯಲಿ.

ಆ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ತೆಗೆದುಕೊಳ್ಳುವ ಮೊದಲು ಮಂಜಮ್ಮ ನೆಲ ಮುಟ್ಟಿ ನಮಸ್ಕರಿಸಿದರು. ಆಮೇಲೆ ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದರು. ಇದೇನು ಅಂತ ದೇಶದಲ್ಲಿ ಎಷ್ಟೋ ಜನ ಕೇಳಿದರು. ನಮ್ಮ ಕಡೆಯವರಿಗೆ ಕೇಳುವ ಅಗತ್ಯ ಇರಲಿಲ್ಲ. ಬಾಗಿಲಿಗೆ ಬಂದ ಜೋಗತಿ ಕೊಟ್ಟಿದ್ದನ್ನು ತೆಗೆದುಕೊಂಡು ಆ ಮನೆಯನ್ನು ಹರಸದೆ ಹೋಗುವುದಿಲ್ಲ.