ಬೇಳೆ ಕಟ್ಟಿನಲ್ಲಿ ಬೇಳೆ ಎಲ್ಲಿದೆ?

ಪ್ರಶ್ನೆ: ಮುಂದಿನ ವಾರ ಮಗುವಿಗೆ ಆರು ತಿಂಗಳು ತುಂಬುತ್ತದೆ. ಮೊದಲು ಏನು ತಿನ್ನಿಸಲಿ? ಒಂದು ತಿಂಗಳು ಬರೀ ಬೇಳೆ ಕಟ್ಟು, ಗಂಜಿ ತಿಳಿ ಕೊಡು, ಆಮೇಲೆ ರಾಗಿ ಸರಿ ಶುರು ಮಾಡು ಅಂತಾರೆ ಅತ್ತೆ. ಸರಿ ಎಷ್ಟು ನೀರಾಗಿರಬೇಕು?

ಉತ್ತರ: ಮೊದಲ ದಿನವೇ ರಾಗಿ ಸರಿ ಕೊಡಬಹುದು. ಮೆತ್ತಗೆ ಬೇಯಿಸಿ ಕಿವುಚಿದ ಅನ್ನ ಬೇಳೆಯನ್ನೂ ಕೊಡಬಹುದು. ಬೇಳೆ ಕಟ್ಟು ಬೇಡ. ಸರಿ ನೀರಾಗಿರಬಾರದು. ಚಮಚ ಓರೆ ಮಾಡಿದರೆ ಸುರಿದು ಹೋಗದೆ, ನಿಧಾನಕ್ಕೆ ಜಾರುವಷ್ಟು ಗಟ್ಟಿ ಇರಬೇಕು.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಮುಂದಿನ ವಾರ ಇದೇ ಪ್ರಶ್ನೆ ಮತ್ತೆ ಬರುತ್ತದೆ. ವರ್ಷಗಳಿಂದ ಬರುತ್ತಲೇ ಇದೆ. ಮಂಡ್ಯದ ತಾಯಿಯೂ ಕೇಳುತ್ತಾರೆ, ದುಬೈನಲ್ಲಿರುವ ಹಾಸನದ ತಾಯಿಯೂ ಕೇಳುತ್ತಾರೆ. ಎಲ್ಲರ ಮನೆಯಲ್ಲೂ ಒಂದು ಲೋಟ ಬೇಳೆ ಕಟ್ಟು ಕಾಯುತ್ತಾ ಕೂತಿರುತ್ತದೆ. ಹಾಗಾಗಿ ಈ ಸಲ ಆ ಲೋಟದ ವಿಷಯ ಪೂರ್ತಿ ಮಾತಾಡಿಬಿಡೋಣ.

ಒಬ್ಬಟ್ಟು ಮಾಡುವ ದಿನ ನೆನಪು ಮಾಡಿಕೊಳ್ಳಿ. ಬೇಳೆ ಬೇಯಿಸುತ್ತೀರಿ, ಬಸಿಯುತ್ತೀರಿ. ಬಸಿದ ಬೇಳೆ ಹೂರಣಕ್ಕೆ ಹೋಗುತ್ತದೆ, ಕಟ್ಟು ಸಾರಿಗೆ ಹೋಗುತ್ತದೆ. ಊಟಕ್ಕೆ ಕೂತಾಗ ಹೊಟ್ಟೆ ತುಂಬಿಸುವುದು ಯಾವುದು? ಒಬ್ಬಟ್ಟೋ, ಒಬ್ಬಟ್ಟಿನ ಸಾರೋ? ಮನೆಯಲ್ಲಿ ಎಲ್ಲರಿಗೂ ಇದು ಗೊತ್ತು. ಬರೀ ಕಟ್ಟು ಕುಡಿದು ಗದ್ದೆ ಕೆಲಸಕ್ಕೆ ಹೋಗಿ ಅಂತ ಯಾರಿಗೂ ಯಾರೂ ಹೇಳುವುದಿಲ್ಲ. ಆದರೆ ಮನೆಯಲ್ಲಿ ಎಲ್ಲರಿಗಿಂತ ಬೇಗ ಬೆಳೆಯಬೇಕಾದ ಜೀವಕ್ಕೆ ಮಾತ್ರ ಬೇಳೆ ಬಿಟ್ಟು ಕಟ್ಟು ಕುಡಿಸುತ್ತೇವೆ.

ತೊಗರಿಬೇಳೆಯ ಪ್ರೋಟೀನು, ಕಬ್ಬಿಣದ ಅಂಶದ ಹೆಚ್ಚಿನ ಪಾಲು ತಳದಲ್ಲಿ ಕೂತ ಬೇಳೆಯಲ್ಲೇ ಇರುತ್ತದೆ. ಮೇಲಿನ ತಿಳಿಯಲ್ಲಿ ಸ್ವಲ್ಪ ಗಂಜಿಯ ಅಂಶ ಇರುತ್ತದೆ, ನೀರಲ್ಲಿ ಕರಗುವ ಒಂದಿಷ್ಟು ಲವಣ, ವಿಟಮಿನ್ ಇರುತ್ತವೆ, ಚೆಂದದ ಹಳದಿ ಬಣ್ಣ ಇರುತ್ತದೆ. ಉಳಿದದ್ದೆಲ್ಲ ನೀರು. ಅನ್ನದ ಗಂಜಿ ತಿಳಿಯ ಕಥೆಯೂ ಇದೇ.

ಈಗ ಮಗುವಿನ ಹೊಟ್ಟೆಯ ಲೆಕ್ಕ ನೋಡಿ. ಒಂದು ಕೆಜಿ ತೂಕಕ್ಕೆ ಸುಮಾರು 30 ಮಿಲಿ ಹಿಡಿಯುತ್ತದೆ. ಅಂದರೆ ಏಳು ಕೆಜಿಯ ಮಗುವಿಗೆ ಒಂದು ಸಲಕ್ಕೆ ಒಂದು ಲೋಟದಷ್ಟು ಜಾಗ, ಅಷ್ಟೇ. 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಇನ್ನೂ ಸುಮಾರು 200 ಕ್ಯಾಲೊರಿ ಊಟದಿಂದ ಬರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚ ರಾಗಿ ಹಿಟ್ಟನ್ನು ಒಂದು ಲೋಟ ನೀರಿಗೆ ಹಾಕಿ ಕುದಿಸಿದರೆ ಆ ಲೋಟದಲ್ಲಿ ಇರುವುದು ಸುಮಾರು 10 ಕ್ಯಾಲೊರಿ. 200 ಆಗಬೇಕಾದರೆ ಮಗು 20 ಲೋಟ ಕುಡಿಯಬೇಕು! ಅದೇ ಲೋಟ ನೀರಿಗೆ ಎರಡು ದೊಡ್ಡ ಚಮಚ ಹಿಟ್ಟು ಹಾಕಿ, ಒಂದು ಟೀ ಚಮಚ ತುಪ್ಪ ಬೆರೆಸಿ ನೋಡಿ. 100 ಕ್ಯಾಲೊರಿ ಆಗುತ್ತದೆ. ಅದೇ ಲೋಟ, ಅದೇ ಹೊಟ್ಟೆ.

ಇನ್ನೊಂದು ವಿಷಯ ಹೇಳಲೇಬೇಕು. ಎದೆಹಾಲಿನಲ್ಲಿ 100 ಮಿಲಿಗೆ ಸುಮಾರು 65ರಿಂದ 70 ಕ್ಯಾಲೊರಿ ಇರುತ್ತದೆ. ಒಂದು ಲೋಟ ಕಟ್ಟು ಕುಡಿಸಿ ಮಲಗಿಸಿದರೆ ಮಗುವಿನ ಹೊಟ್ಟೆ ತುಂಬಿರುತ್ತದೆ, ಅಳುವುದಿಲ್ಲ, ಎದೆಹಾಲೂ ಕಡಿಮೆ ಕುಡಿಯುತ್ತದೆ. ಒಳ್ಳೆಯದನ್ನು ಹೊರಗೆ ತಳ್ಳಿ ನೀರಿಗೆ ಜಾಗ ಕೊಟ್ಟ ಹಾಗಾಯಿತು. ‘ಕಟ್ಟು ಕುಡಿದು ಎಷ್ಟು ಚೆನ್ನಾಗಿ ನಿದ್ದೆ ಮಾಡ್ತು’ ಎನ್ನುವ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಯಾಕೆಂದರೆ ನನ್ನ ದೊಡ್ಡ ಮಗಳಿಗೆ ನಾನೂ ಹಾಗೇ ಕುಡಿಸಿದ್ದೆ. ಎಂಟು ತಿಂಗಳಿಗೆ ತೂಕ ನೋಡಿದರೆ, ಎರಡು ತಿಂಗಳಲ್ಲಿ ಹೆಚ್ಚಾಗಿದ್ದು ಬರೀ 200 ಗ್ರಾಂ. ಅಂದು ಆಸ್ಪತ್ರೆಯ ನರ್ಸಮ್ಮ ಬೇಳೆ ಪಾತ್ರೆಯ ತಳಕ್ಕೆ ಸೌಟು ಹಾಕಿ ಅಂತ ಹೇಳಿದ್ದು ಇವತ್ತಿಗೂ ನೆನಪಿದೆ.

ಕಬ್ಬಿಣದ ಅಂಶ ಇನ್ನೂ ದೊಡ್ಡ ಚಿಂತೆ. ಹುಟ್ಟುವಾಗ ಮಗು ತನ್ನ ಮೈಯಲ್ಲಿ ತಂದುಕೊಂಡ ಕಬ್ಬಿಣ ಸುಮಾರು ಆರು ತಿಂಗಳಿಗೆ ಸಾಕಾಗುತ್ತದೆ. ಎದೆಹಾಲಿನಲ್ಲಿ ಅದು ಬಹಳ ಕಡಿಮೆ. ಹಾಗಾಗಿ ಆರು ತಿಂಗಳಾದ ಮೇಲೆ ಊಟದಿಂದಲೇ ಬರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇತ್ತು. ಕರ್ನಾಟಕದ ಸ್ಥಿತಿಯೂ ಹೆಚ್ಚು ಕಡಿಮೆ ಹಾಗೇ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ 1 ಮಿಲಿ ಹಾಕಿ, ಅದನ್ನು ಕಪಾಟಿನಲ್ಲಿ ಮರೆಯಬೇಡಿ. ಮೊಟ್ಟೆ, ಮೀನು, ಕೋಳಿ ತಿನ್ನುವ ಮನೆಯಾದರೆ ಅವನ್ನು ಚೆನ್ನಾಗಿ ಬೇಯಿಸಿ, ನುಣ್ಣಗೆ ಮಾಡಿ, ಆರು ತಿಂಗಳಿಂದಲೇ ಕೊಡಿ. ಒಂದು ವರ್ಷ ಕಾಯುವ ಅಗತ್ಯ ಇಲ್ಲ. ತಿನ್ನದ ಮನೆಯಾದರೆ ಬೇಳೆ, ಕಾಳು, ಸೊಪ್ಪು ಕಿವುಚಿ, ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ. ‘ಎಳೇ ಹೊಟ್ಟೆ ಅಲ್ವಾ, ಗಟ್ಟಿ ಕೊಟ್ಟರೆ ಹೇಗೆ ಅರಗುತ್ತೆ?’ ಅರಗುತ್ತದೆ. ಮಗುವಿನ ಎಂಜಲಿನಲ್ಲಿ, ಕರುಳಿನಲ್ಲಿ ಪಿಷ್ಟ (ಸ್ಟಾರ್ಚ್) ಅರಗಿಸುವ ಕಿಣ್ವಗಳು (ಎಂಜೈಮ್) ಇವೆ. ಎದೆಹಾಲಿನಲ್ಲೇ ಅಂಥದ್ದೊಂದು ಕಿಣ್ವ ಇದೆ, ತಾಯಿಯೇ ಅದನ್ನು ಕಳಿಸುತ್ತಿದ್ದಾಳೆ. ಭೇದಿ ಆಗುವುದು ಹೆಚ್ಚಾಗಿ ತೊಳೆಯದ ಕೈ, ಹಾಲಿನ ಬಾಟಲಿ, ಬೆಳಿಗ್ಗೆ ಮಾಡಿ ಸಂಜೆ ತನಕ ಹೊರಗಿಟ್ಟ ಸರಿಯಿಂದ. ಸರಿ ಗಟ್ಟಿಯಾಗಿದೆ ಅಂತ ಅಲ್ಲ.

‘ಗಂಟಲಿಗೆ ಸಿಕ್ಕಿಕೊಂಡರೆ?’ ಇದು ನ್ಯಾಯವಾದ ಭಯ. ಆದರೆ ಗಂಟಲಿಗೆ ಸಿಕ್ಕಿಕೊಳ್ಳುವುದು ಕಡಲೆಬೀಜ, ಇಡೀ ದ್ರಾಕ್ಷಿ, ಕ್ಯಾರೆಟ್ ಚೂರಿನಂಥ ವಸ್ತು. ನುಣ್ಣಗಿರುವ ದಪ್ಪ ಸರಿ ಅಲ್ಲ. ನಿಜ ಹೇಳಬೇಕೆಂದರೆ ನೀರಾಗಿರುವುದನ್ನು ಕುಡಿಸುವ ರೀತಿಯೇ ಅಪಾಯ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಲ್ಲಿ (ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಸುರಿದು, ಅಳುವ ಬಾಯಿಗೇ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವನ್ನು ತೊಡೆ ಮೇಲೆ ನೇರವಾಗಿ ಕೂರಿಸಿ, ಅದರ ಮುಖ ನೋಡಿಕೊಂಡು, ಚಮಚದಲ್ಲಿ ಕೊಡಿ. ಒಳಲೆಯಲ್ಲಿ ಸುರಿಯಲು ಬರುತ್ತದೆ ಅಂದರೆ ಆ ಸರಿ ತೆಳ್ಳಗಾಯಿತು ಅಂತಲೇ ಲೆಕ್ಕ.

ಮೊದಲ ವಾರ ಮಗು ನಾಲಿಗೆಯಲ್ಲಿ ಎಲ್ಲವನ್ನೂ ಹೊರಗೆ ತಳ್ಳುತ್ತದೆ. ಅದಕ್ಕೆ ಇಷ್ಟವಿಲ್ಲ ಅಂತ ಅಲ್ಲ. ಇಷ್ಟು ದಿನ ಹಾಲು ಚೀಪಿದ ನಾಲಿಗೆ ಹೊಸ ಕೆಲಸ ಕಲಿಯುತ್ತಿದೆ. ತಳ್ಳಿದ್ದನ್ನು ನೋಡಿ ಇನ್ನಷ್ಟು ನೀರು ಸೇರಿಸುತ್ತೀರಲ್ಲ, ತಪ್ಪು ಶುರುವಾಗುವುದು ಅಲ್ಲೇ. ನೀರು ಸೇರಿಸಬೇಡಿ, ನಾಳೆ ಮತ್ತೆ ಕೊಡಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ದಿನಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಎರಡು ಮೂರು ಚಮಚದಿಂದ ಶುರು ಮಾಡಿ. ಎಂಟು ತಿಂಗಳ ಹೊತ್ತಿಗೆ ಅರ್ಧ ಬಟ್ಟಲು ಆಗಲಿ. ಒಂದು ವರ್ಷದ ತನಕ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವಂತೂ ನಾಲಿಗೆಗೆ ಸವರಲೂ ಬೇಡ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣ ಎಳೆ ಮಗುವಿನ ನರಗಳಿಗೆ ವಿಷವಾಗಬಹುದು. ಒಂದೊಂದೇ ಹೊಸ ಪದಾರ್ಥ ಕೊಟ್ಟು ಎರಡು ಮೂರು ದಿನ ನೋಡಿ. 20 ಧಾನ್ಯ, ಬಾದಾಮಿ, ಗೋಡಂಬಿ ಎಲ್ಲ ಒಟ್ಟಿಗೆ ಹಾಕಿದ ಪುಡಿಯಿಂದ ಶುರು ಮಾಡಿದರೆ, ಯಾವುದು ಒಗ್ಗಲಿಲ್ಲ ಅಂತ ಕಂಡುಹಿಡಿಯುವುದು ಹೇಗೆ? ಎಂಟು ತಿಂಗಳಾದ ಮೇಲೆ ಮಿಕ್ಸಿ ಬಿಟ್ಟು ಕೈಯಲ್ಲೇ ಕಿವುಚಿ, ಸಣ್ಣ ಮೆತ್ತನೆಯ ಗಂಟು ಇರಲಿ. ಎದೆಹಾಲು ಎರಡು ವರ್ಷದ ತನಕ ನಡೆಯಲಿ. ಹೆಣ್ಣು ಮಗುವಿಗೆ ಐದು ಇಲ್ಲವೇ ಏಳನೇ ತಿಂಗಳಲ್ಲಿ ಅನ್ನಪ್ರಾಶನ ಮಾಡುವ ಪದ್ಧತಿ ಇದ್ದರೆ, ಹೊರನಾಡಿನ ಅನ್ನಪೂರ್ಣೇಶ್ವರಿ ಗುಡಿಗೋ ಇನ್ನೊಂದು ಕಡೆಗೋ ಹೋಗಿ ಶಾಸ್ತ್ರಕ್ಕೆ ಏಳರಲ್ಲಿ ಮಾಡಿಸಿ. ಊಟ ಮಾತ್ರ ಆರು ತುಂಬಿದ ಕೂಡಲೇ ಶುರುವಾಗಲಿ. ಹೊಟ್ಟೆಗೆ ಹೆಣ್ಣು ಗಂಡು ಗೊತ್ತಿಲ್ಲ.

ಈಗ ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆಗೆ ಬರುತ್ತೇನೆ. ಸರಿ ಹಿಟ್ಟಿಗೆ ನಮ್ಮ ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟುತ್ತಿದ್ದರಲ್ಲ, ಯಾಕೆ?

ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೇರು ಉಜ್ಜಿ ತೆಗೆದು, ಘಮ ಬರುವಷ್ಟು ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ನಾಲ್ಕೈದು ದಿನದ ಕೆಲಸ. ಸುಮ್ನೆ ಯಾರೂ ಇಷ್ಟು ಕಷ್ಟಪಡುವುದಿಲ್ಲ. ‘ತಂಪು’ ಎನ್ನುತ್ತಾರೆ, ‘ಬೇಗ ಅರಗುತ್ತೆ’ ಎನ್ನುತ್ತಾರೆ. ಅದಕ್ಕಿಂತ ಚೆಂದದ ಕಾರಣ ಇನ್ನೊಂದಿದೆ.

ಹಿಟ್ಟು ಬೆಂದಾಗ ಪಿಷ್ಟ ನೀರು ಕುಡಿದು ಉಬ್ಬುತ್ತದೆ. ಅದಕ್ಕೇ ಮುದ್ದೆ ಗಟ್ಟಿಯಾಗುವುದು. ಕಾಳು ಮೊಳಕೆಯೊಡೆಯುವಾಗ ತನ್ನ ಪಿಷ್ಟವನ್ನು ತಾನೇ ಒಡೆದುಕೊಳ್ಳಲು ಅಮೈಲೇಸ್ ಎಂಬ ಕಿಣ್ವ ಹುಟ್ಟಿಸಿಕೊಳ್ಳುತ್ತದೆ. ಆ ಹಿಟ್ಟನ್ನು ಬೇಯಿಸಿದರೆ ಈ ಕಿಣ್ವ ಉದ್ದನೆಯ ಪಿಷ್ಟದ ಸರಗಳನ್ನು ಕತ್ತರಿಸುತ್ತದೆ, ಸರಿ ಉಬ್ಬುವುದಿಲ್ಲ. ಹಾಗಾಗಿ ಅದೇ ಲೋಟ ನೀರಿಗೆ ಎರಡರ ಬದಲು ಮೂರು, ನಾಲ್ಕು ಚಮಚ ಹಿಟ್ಟು ಹಿಡಿಯುತ್ತದೆ, ಆದರೂ ಮಗುವಿಗೆ ನುಂಗಲು ಸಲೀಸು. ತೆಳ್ಳಗೆ ಬೇಕು ಎನ್ನುವ ಅತ್ತೆಯ ಆಸೆಯೂ ಈಡೇರಿತು, ಗಟ್ಟಿ ಬೇಕು ಎನ್ನುವ ನನ್ನ ಲೆಕ್ಕವೂ ಸರಿಹೋಯಿತು. ನೀರು ಜಾಸ್ತಿ ಮಾಡಿ ತೆಳ್ಳಗಾಗಿಸುವುದೇ ಬೇರೆ, ಹಿಟ್ಟು ಕಡಿಮೆ ಮಾಡದೆ ತೆಳ್ಳಗಾಗಿಸುವುದೇ ಬೇರೆ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ, ಎಚ್.ಎಸ್.ಆರ್. ದೇಶಿಕಾಚಾರ್ ಇದನ್ನೇ ಹಿಡಿದು ಕೆಲಸ ಮಾಡಿದರು. ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳು ಸೇರಿಸಿ, ಬೇಯಿಸಿದಾಗ ಗಟ್ಟಿಯಾಗದ ಮಕ್ಕಳ ಆಹಾರ ರೂಪಿಸಿ 1982ರಲ್ಲಿ ಪ್ರಕಟಿಸಿದರು. ಬರೋಡಾದ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಮತ್ತು ಅವರ ಜೊತೆಯವರು, ಗಟ್ಟಿ ಗಂಜಿಗೆ ಸ್ವಲ್ಪವೇ ಸ್ವಲ್ಪ ಮೊಳಕೆ ಹಿಟ್ಟು ಬೆರೆಸಿದರೂ ಅದು ಸಡಿಲವಾಗುತ್ತದೆ ಎಂದು ತೋರಿಸಿದರು. ನಮ್ಮ ಅಡುಗೆಮನೆಯ ಜಾಣತನ ಪ್ರಯೋಗಾಲಯದಲ್ಲಿ ಗೆದ್ದು ಬಂದಿದೆ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ.

ಎರಡು ಎಚ್ಚರಿಕೆ. ಮೊಳಕೆ ರಾಗಿಯನ್ನು ಕಪ್ಪಾಗುವಷ್ಟು ಹುರಿದರೆ ಕಿಣ್ವ ಸತ್ತು ಹೋಗುತ್ತದೆ, ಮೊಳಕೆ ಕಟ್ಟಿದ ಶ್ರಮ ದಂಡ. ಇನ್ನೊಂದು, ರಾಗಿ ಸಿಗಲಿಲ್ಲ ಅಂತ ಬಿಳಿಜೋಳವನ್ನು ಮನೆಯಲ್ಲಿ ಮೊಳಕೆ ಕಟ್ಟಿ ಮಗುವಿಗೆ ಕೊಡಬೇಡಿ. ಜೋಳದ ಎಳೆ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಎಳೇ ಜೋಳದ ಪೈರು ಮೇಯ್ದ ದನಕ್ಕೆ ಏನಾಗುತ್ತದೆ ಅಂತ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಜೋಳದ ಹಿಟ್ಟಿನ ಅಡುಗೆಗೆ ಈ ಭಯ ಇಲ್ಲ, ಮೊಳಕೆಗೆ ಮಾತ್ರ.

ನಂಬಿಕೆ ಬರದಿದ್ದರೆ ಅತ್ತೆಯನ್ನೂ ಕರೆದು ಒಲೆ ಮುಂದೆ ನಿಲ್ಲಿಸಿಕೊಳ್ಳಿ. ಎರಡು ಪಾತ್ರೆ ಇಡಿ. ಒಂದಕ್ಕೆ ಮಾಮೂಲಿ ರಾಗಿ ಹಿಟ್ಟು ಮೂರು ದೊಡ್ಡ ಚಮಚ, ಇನ್ನೊಂದಕ್ಕೆ ಮೊಳಕೆ ರಾಗಿ ಹಿಟ್ಟು ಮೂರು ದೊಡ್ಡ ಚಮಚ. ಎರಡಕ್ಕೂ ಒಂದೊಂದು ಲೋಟ ತಣ್ಣೀರು ಹಾಕಿ ಗಂಟಿಲ್ಲದಂತೆ ಕಲಸಿ. ತಣ್ಣೀರೇ ಬೇಕು, ಕುದಿಯುವ ನೀರಿಗೆ ಹಿಟ್ಟು ಸುರಿದರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ನಿಧಾನಕ್ಕೆ ಕುದಿ ಬರಿಸಿ. ಸ್ವಲ್ಪ ಹೊತ್ತಿಗೆ ಮೊದಲ ಪಾತ್ರೆಯಲ್ಲಿ ಚಮಚ ತಿರುಗಿಸಲು ಕಷ್ಟವಾಗುತ್ತದೆ. ಎರಡನೆಯದರಲ್ಲಿ ಸರಿ ಇನ್ನೂ ಸಲೀಸಾಗಿ ತಿರುಗುತ್ತಿರುತ್ತದೆ. ಅದನ್ನು ಇಳಿಸಿ, ಆರಿಸಿ, ಒಂದು ಚಮಚ ತುಪ್ಪ ಹಾಕಿ ಮಗುವಿಗೆ ಕೊಡಿ.