ಗಲಡ್ರಿಯೆಲ್: ಹೆಸರಲ್ಲಿ ಮರ ಇಲ್ಲ, ಹೊಳಪಿದೆ

ಮೊನ್ನೆ ಒಂದು ವಿಡಿಯೋದಲ್ಲಿ ಮತ್ತೆ ಅದೇ ಮಾತು ಕಿವಿಗೆ ಬಿತ್ತು. "ಗಲಡ್ರಿಯೆಲ್ ಅಂದ್ರೆ ಎಲ್ಫ್ ಭಾಷೆಯಲ್ಲಿ ಮರಗಳ ರಾಣಿ." ಎಷ್ಟನೇ ಸಲವೋ ಗೊತ್ತಿಲ್ಲ. ಗಲಡ್ರಿಯೆಲ್ ಅಂದರೆ ಟೋಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯಲ್ಲಿ ಬರುವ, ಎಲ್ಫ್ ಎಂಬ ಸಾವಿಲ್ಲದ ಕುಲದ ಒಡತಿ. ಹೋದ ವರ್ಷ ಗೆಳತಿಯೊಬ್ಬಳು ಇದೇ ಅರ್ಥ ನಂಬಿಕೊಂಡು ಮನೆ ಹಿಂದಿನ ಸಸಿತೋಟಕ್ಕೆ ಈ ಹೆಸರಿನ ಬೋರ್ಡ್ ಬರೆಸಿದ್ದಳು. ಹೆಸರೇನೋ ಚೆಂದ, ತೋಟವೂ ಚೆಂದ. ಅರ್ಥ ಮಾತ್ರ ತಪ್ಪು. ಆ ಹೆಸರಿಗೂ ಮರಕ್ಕೂ ಸಂಬಂಧ ಇಲ್ಲ.

ತಪ್ಪು ಹುಟ್ಟುವ ಜಾಗ ತುಂಬ ಚಿಕ್ಕದು. ಟೋಲ್ಕಿನ್ ಎಲ್ಫ್ ಜನಕ್ಕಾಗಿ ಕಟ್ಟಿದ ಸಿಂಡಾರಿನ್ ಭಾಷೆಯಲ್ಲಿ ಒಂದಕ್ಕೊಂದು ತಾಗಿಕೊಂಡಂತಿರುವ ಎರಡು ಪದಗಳಿವೆ. ಗಲಡ್ ಅಂದರೆ ಹೊಳಪು. ಗಲದ್ ಅಂದರೆ ಮರ. ರೋಮನ್ ಲಿಪಿಯಲ್ಲಿ ಬರೆದಾಗ ಮರದ ಕೊನೆಗೆ ಒಂದು 'ಎಚ್' ಜಾಸ್ತಿ ಇರುತ್ತದೆ, ಅಷ್ಟೇ. ಇಂಗ್ಲಿಷ್ ಓದುಗರ ಕಣ್ಣು ಆ 'ಎಚ್' ಅನ್ನು ಹಾರಿಸಿಕೊಂಡು ಹೋಗುತ್ತದೆ. ನಮ್ಮವರು ಅದನ್ನು ನೋಡಿ ಮಹಾಪ್ರಾಣ ಎಂದುಕೊಂಡು 'ಧ' ಬರೆಯುತ್ತಾರೆ. ಎರಡೂ ಸರಿಯಲ್ಲ. ಇಂಗ್ಲಿಷಿನ 'ದಿಸ್', 'ದೆನ್' ಪದಗಳ ಶುರುವಿನಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದಲ್ಲ, ಟೋಲ್ಕಿನ್ ಹೇಳುವ ಸದ್ದು ಅದು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ದ.

ನಿಜ ಹೇಳಬೇಕೆಂದರೆ ಈ ಗೊಂದಲ ಕನ್ನಡದವರಿಗೆ ಬರಲೇಬಾರದು. ಓಡು, ಓದು. ಕುಡಿ, ಕುದಿ. "ನೀರು ಕುಡಿಸು" ಎಂದಾಗ ಯಾರೂ ಒಲೆ ಹಚ್ಚಲು ಹೋಗುವುದಿಲ್ಲ. ಡ ಮತ್ತು ದ ನಮಗೆ ಹುಟ್ಟಿನಿಂದಲೇ ಬೇರೆ ಬೇರೆ. ಹಾಗಾಗಿ ಗಲಡ್, ಗಲದ್ ಎಂದು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನರ್ಧಕ್ಕೆ ಗಟ್ಟಿ ಪುರಾವೆ ಇದೆ. ಟೋಲ್ಕಿನ್ ಒಂದು ಭಾಷೆ ಮಾಡಿ ನಿಲ್ಲಿಸಲಿಲ್ಲ. ಸಿಂಡಾರಿನ್‌ಗೆ ಕ್ವೆನ್ಯಾ ಎಂಬ ಅಕ್ಕನಂಥ ಭಾಷೆ ಇದೆ. ಎರಡೂ ಒಂದೇ ಮೂಲದಿಂದ ಒಡೆದವು, ಸದ್ದುಗಳು ನಿಯಮದ ಪ್ರಕಾರ ಬದಲಾದವು. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆಗಿ, ತಮಿಳಿನಲ್ಲಿ 'ಪಾಲ್' ಆಗಿಯೇ ಉಳಿಯಿತಲ್ಲ, ಅಂಥದ್ದೇ ಲೆಕ್ಕ. ಹಾಗಾಗಿ ಸಿಂಡಾರಿನ್ ಪದದ ಬಗ್ಗೆ ಅನುಮಾನ ಬಂದರೆ ಕ್ವೆನ್ಯಾ ಕಡೆ ತಿರುಗಿ ನೋಡಬಹುದು. ಕ್ವೆನ್ಯಾದಲ್ಲಿ ಮರಕ್ಕೆ 'ಅಲ್ಡ' ಎನ್ನುತ್ತಾರೆ. ಗಲಡ್ರಿಯೆಲ್ ಹೆಸರಿನ ಕ್ವೆನ್ಯಾ ರೂಪ ಯಾವುದು? ಅಲ್ಟಾರಿಯೆಲ್. ಡ ಅಲ್ಲ, ಟ. ಮರ ಇದ್ದಿದ್ದರೆ ಅಲ್ಡಾರಿಯೆಲ್ ಆಗಬೇಕಿತ್ತು. ಅವಳು ತನ್ನ ನಾಡು ಲೋರಿಯೆನ್‌ನಲ್ಲಿ ಹಾಡುವ ವಿದಾಯದ ಹಾಡಿಗೆ 1967ರಲ್ಲಿ ಟೋಲ್ಕಿನ್ ಕೊಟ್ಟ ಕ್ವೆನ್ಯಾ ತಲೆಬರಹದಲ್ಲೂ ಇರುವುದು 'ಅಲ್ಟಾರಿಯೆಲ್ಲೊ', ಅಂದರೆ ಗಲಡ್ರಿಯೆಲ್‌ಳ. ಈ ಒಂದು ಟಕಾರ ಸಾಕು.

ಹಾಗಾದರೆ ಇಷ್ಟು ಜನ ಮರ ಅಂತ ಯಾಕೆ ಅಂದುಕೊಂಡರು? ಕಾರಣ ಇದೆ. ಅವಳು ಇರುವುದು ಮರಗಳ ನಾಡಿನಲ್ಲಿ. ಅವಳ ಜನ ಗಲದ್ರಿಮ್, ಅಂದರೆ ಮರದ ಮಂದಿ. ಊರು ಕರಸ್ ಗಲದೊನ್, ಅಲ್ಲೂ ಮರ. ಸುತ್ತ ಇಷ್ಟೊಂದು ಗಲದ್ ಇರುವಾಗ ಒಡತಿಯ ಹೆಸರೂ ಅದೇ ಅನಿಸುವುದು ಸಹಜ. ಟೋಲ್ಕಿನ್ ಇದನ್ನು ಮೊದಲೇ ಊಹಿಸಿದ್ದರು ಎನ್ನುವುದು ನನಗೆ ಅತಿ ಇಷ್ಟವಾದ ಸಂಗತಿ. ಕಥೆಯೊಳಗೇ ಆ ತಪ್ಪಿಗೆ ಜಾಗ ಕೊಟ್ಟಿದ್ದಾರೆ. ಅವಳ ಹಳೆಯ ದಿನಗಳ ನೆನಪಿಲ್ಲದವರು, ಲೋರಿಯೆನ್‌ನ ಹೊರಗಿದ್ದವರು, ಹೆಸರನ್ನು 'ಗಲದ್ರಿಯೆಲ್' ಎಂದು ತಿರುಚಿದರಂತೆ, ಮರದ ಗುಂಗಿನಲ್ಲಿ. ಅಂದರೆ ಇವತ್ತಿನ ವಿಡಿಯೋ ಮಾಡುವವರ ತಪ್ಪನ್ನು ಕಥೆಯ ಲೋಕವಾದ ಮಧ್ಯಭೂಮಿಯ ಮಂದಿ ಯಾವತ್ತೋ ಮಾಡಿ ಮುಗಿಸಿದ್ದಾರೆ!

ನಮ್ಮ 'ಬೆಂದಕಾಳೂರು' ಹುಟ್ಟಿದ್ದೂ ಹೀಗೇ ಅಲ್ವಾ? ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟ ಕಥೆ 12ನೇ ಶತಮಾನದ್ದು ಎನ್ನುತ್ತಾರೆ. ಆದರೆ ಸುಮಾರು 890ರ ಬೇಗೂರು ಶಾಸನದಲ್ಲೇ ಬೆಂಗಳೂರಿನ ಕಾಳಗದ ಮಾತಿದೆ. ಹೆಸರು ಮೊದಲು, ಕಥೆ ಆಮೇಲೆ. ಕಿವಿಗೆ ಹತ್ತಿರದ ಪದ ಸಿಕ್ಕಿದರೆ ಜನ ಅರ್ಥ ಕಟ್ಟಿಬಿಡುತ್ತಾರೆ.

ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ಟೋಲ್ಕಿನ್ ತೀರಿಕೊಂಡ ಮೇಲೆ ಮಗ ಕ್ರಿಸ್ಟೋಫರ್ ಅಚ್ಚು ಹಾಕಿಸಿದ ಕರಡುಗಳಲ್ಲಿ ಒಂದು ಚೀಟಿ ಇದೆ. ಅದರಲ್ಲಿ ಹೆಸರು ಗಲದ್ರಿಯೆನ್, ಅರ್ಥ ಮರದೊಡತಿ. ಅಂದರೆ ಲೇಖಕರ ತಲೆಯಲ್ಲಿ ಒಂದು ಕಾಲಕ್ಕೆ ಮರ ಇತ್ತು. ಆಮೇಲೆ ಬಿಟ್ಟರು. ಕಟ್ಟಿದ ಭಾಷೆಯ ಹೆಸರಿಗೆ ಹೀಗೆ ಎರಡು ಚರಿತ್ರೆ ಇರುತ್ತವೆ. ಲೇಖಕರ ಮೇಜಿನ ಮೇಲಿನದು ಒಂದು, ಕಥೆಯೊಳಗಿನದು ಇನ್ನೊಂದು. ಹೆಸರಿನ ಅರ್ಥ ಕೇಳಿದಾಗ ಹೇಳಬೇಕಾದ್ದು ಎರಡನೆಯದು. ಕರಡಿನಲ್ಲಿ ಹೊಡೆದುಹಾಕಿದ್ದನ್ನು ತಂದು ಅರ್ಥ ಎನ್ನುವುದು ಸರಿಯಲ್ಲ.

ಇನ್ನು 'ರಿಯೆಲ್'. ಇದನ್ನು ಗೇಬ್ರಿಯೆಲ್, ಏರಿಯೆಲ್ ಜೊತೆ ಸೇರಿಸಿ "ದೇವರ ಬೆಳಕು" ಎನ್ನುವವರೂ ಇದ್ದಾರೆ. ಅವು ಹೀಬ್ರೂ ಹೆಸರುಗಳು, ಅಲ್ಲಿ 'ಎಲ್' ಅಂದರೆ ದೇವರು. ಇಲ್ಲಿ ಅದು ಸಲ್ಲದು.

ರಿಯೆಲ್ ಬಂದಿದ್ದು 'ರಿಗ್' ಎಂಬ ಧಾತುವಿನಿಂದ. ಹೆಣೆ, ಸುತ್ತಿ ಕಟ್ಟು ಎಂದು ಅದರ ಅರ್ಥ. ಅದರಿಂದ 'ರೀ', ತಲೆಗೆ ಸುತ್ತುವ ಮಾಲೆ. ರಿಯೆಲ್ ಅಂದರೆ ಅಂಥ ಮಾಲೆ ತೊಟ್ಟ ಹುಡುಗಿ. ಇಂಗ್ಲಿಷಿನಲ್ಲಿ ಇದನ್ನು ಕಿರೀಟ ಎಂದೂ ಹೇಳುತ್ತಾರೆ. ನಾವೂ ಅದನ್ನೇ ನೋಡಿ ರಾಣಿ, ಮಹಾರಾಣಿ ಎಂದು ಬರೆದುಬಿಡುತ್ತೇವೆ. ಆದರೆ ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದ ಇದೆ: ದಂಡೆ. ಹಬ್ಬದ ದಿನ ಮಲ್ಲಿಗೆ, ಕನಕಾಂಬರ ಹೆಣೆದು ಜಡೆಯ ಬುಡಕ್ಕೆ ಸುತ್ತುತ್ತಾರಲ್ಲ, ಅದು. ಗಲಡ್ರಿಯೆಲ್ ಅಂದರೆ ಹೊಳಪಿನ ದಂಡೆ ಮುಡಿದವಳು. ಇದಕ್ಕಿಂತ ಹತ್ತಿರದ ಅನುವಾದ ನನಗೆ ಕಾಣದು.

ಆ ದಂಡೆ ಹೂವಿನದಲ್ಲ, ಅವಳ ಕೂದಲೇ. 1973ರಲ್ಲಿ, ತೀರಿಕೊಂಡ ವರ್ಷವೇ, ಟೋಲ್ಕಿನ್ ಒಂದು ಪತ್ರದಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ಹೆಸರಿನ ಅರ್ಥ ಹೊಳೆಯುವ ಕೂದಲನ್ನೇ ಮುಡಿಯಾಗಿ ತೊಟ್ಟವಳು. ಚಿಕ್ಕ ವಯಸ್ಸಿನಲ್ಲಿ ಅವಳಿಗೆ ಆಟೋಟದ ಹುಚ್ಚು. ಕಣಕ್ಕೆ ಇಳಿಯುವಾಗ ಉದ್ದ ಕೂದಲನ್ನು ಎತ್ತಿ ತಲೆಯ ಮೇಲೆ ಸುತ್ತಿ ಕಟ್ಟಿಕೊಳ್ಳುತ್ತಿದ್ದಳು. ಆಡುವ ಹುಡುಗಿಯರು ಈಗಲೂ ಹಾಗೇ ಕಟ್ಟುತ್ತಾರೆ. ಅಪ್ಪ ಇಟ್ಟ ಹೆಸರು ಆರ್ಟನಿಸ್, ಕುಲೀನೆ. ಅಮ್ಮ ಕರೆದದ್ದು ನೆರ್ವೆನ್, ಗಂಡಿನಂಥ ಹುಡುಗಿ. ಹೊಳಪಿನ ದಂಡೆಯ ಹೆಸರು ಕೊಟ್ಟವನು ಅವಳನ್ನು ಪ್ರೀತಿಸಿದ ಕೆಲೆಬೋರ್ನ್ (ಸೆಲೆಬೋರ್ನ್ ಅಲ್ಲ, ಆ ಭಾಷೆಯಲ್ಲಿ 'ಸಿ' ಯಾವಾಗಲೂ ಕ). ಮೂರರಲ್ಲಿ ಇದೇ ಚೆಂದ ಎಂದು ಅವಳು ಇದನ್ನೇ ಉಳಿಸಿಕೊಂಡಳು.

ಗಲಡ್ ಸುಮ್ನೆ ಬೆಳಕೂ ಅಲ್ಲ. ಬೆಳಕಿಗೆ 'ಕಲಡ್' ಎಂಬ ಬೇರೆ ಪದ ಇದೆ. ಗಲಡ್ ಎಂದರೆ ಬೇರೆ ಬೆಳಕು ಬಿದ್ದು ಹೊಮ್ಮುವ ಮಿನುಗು. ಗಿಲ್‌ಗಲಡ್ ಎಂಬ ಅರಸನ ಹೆಸರಲ್ಲಿರುವುದೂ ಇದೇ. ಅವನ ಬೆಳ್ಳಿ ಲೇಪದ ಗುರಾಣಿ ಬಿಸಿಲಿಗೋ ಬೆಳದಿಂಗಳಿಗೋ ದೂರದಿಂದ ನಕ್ಷತ್ರದಂತೆ ಹೊಳೆಯುತ್ತಿತ್ತು. ಗಲಡ್ರಿಯೆಲ್‌ಳ ಕೂದಲು ಬಂಗಾರದ್ದು, ನಡುನಡುವೆ ಬೆಳ್ಳಿ. ದೇವತೆಗಳ ನಾಡು ವಾಲಿನೋರ್‌ನ ಬೆಳಕು ಬೀರುವ ಎರಡು ಮರಗಳ ಹೊಳಪು ಆ ಎಳೆಗಳಲ್ಲಿ ಸಿಕ್ಕಿಕೊಂಡಿದೆ ಎಂದು ಅವಳ ಜನ ಹೇಳುತ್ತಿದ್ದರು. ಮರ ಬರುವುದಾದರೆ ಇಲ್ಲಿ ಬರಬೇಕು: ಹೆಸರಿನಲ್ಲಿ ಅಲ್ಲ, ಕೂದಲ ಮೇಲೆ ಬಿದ್ದ ಬೆಳಕಿನಲ್ಲಿ.

ಕನ್ನಡದಲ್ಲಿ ಬರೆಯುವಾಗ 'ಗೆಲಾಡ್ರಿಯಲ್' ಬೇಡ. ಒತ್ತು ಬೀಳುವುದು 'ಲಡ್' ಮೇಲೆ ನಿಜ, ಆದರೆ ಸ್ವರ ಹ್ರಸ್ವ. ಒತ್ತು ಬಿದ್ದ ಕಡೆಯೆಲ್ಲ ದೀರ್ಘ ಹಾಕುವುದು ಇಂಗ್ಲಿಷ್ ಕೇಳಿ ಬಂದ ಅಭ್ಯಾಸ. ಗಲಡ್ರಿಯೆಲ್ ಎಂದು ಬರೆದರೆ ಸಾಕು. ಗೆಳತಿಗೂ ಇದನ್ನೇ ಹೇಳಿದೆ. ಬೋರ್ಡ್ ಅವಳು ಬದಲಿಸಲಿಲ್ಲ. ಅರ್ಥ ಕೇಳಿದವರಿಗೆ ಮಾತ್ರ ಈಗ ಮರದ ಬದಲು ಕೂದಲಿನ ಕಥೆ ಹೇಳುತ್ತಾಳೆ: ಎಲ್ಫ್ ಕುಶಲಕರ್ಮಿ ಫೆಯಾನೋರ್ ಮೂರು ಸಲ ಬೇಡಿದರೂ ಒಂದೆಳೆ ಕೊಡದವಳು, ಕುಳ್ಳರ ಕುಲದ ಗಿಮ್ಲಿ ಒಂದೇ ಒಂದು ಕೇಳಿದಾಗ ಮೂರು ಕೊಟ್ಟಳು ಅಂತ.